ಸೋದರರಾಗಲು ಕುಡಿದವರು

1776ರ ಡಿಸೆಂಬರ್ 5. ಅಮೆರಿಕ ಸ್ವಾತಂತ್ರ್ಯ ಘೋಷಿಸಿ ಐದು ತಿಂಗಳಾಗಿತ್ತು. ವರ್ಜೀನಿಯಾದ ವಿಲಿಯಮ್ಸ್‌ಬರ್ಗ್ ಪಟ್ಟಣದಲ್ಲಿ ವಿಲಿಯಂ ಅಂಡ್ ಮೇರಿ ಕಾಲೇಜಿನ ಐವರು ಹುಡುಗರು ಸೇರಿ ಒಂದು ಗುಟ್ಟಿನ ಕೂಟ ಕಟ್ಟಿದರು. ಅವರು ಸೇರಿದ್ದು ರಾಲಿ ಟ್ಯಾವರ್ನ್ ಎಂಬ ಪಾನಗೃಹದ ಅಪೊಲೊ ಕೋಣೆಯಲ್ಲಿ ಎಂಬ ಪ್ರತೀತಿಯಿದೆ. ಕೂಟಕ್ಕೆ ಇಟ್ಟ ಹೆಸರು ಮೂರು ಗ್ರೀಕ್ ಅಕ್ಷರ: ಫೈ ಬೀಟಾ ಕಪ್ಪಾ. ಕೈಕುಲುಕಲು ಗುಟ್ಟಿನದೊಂದು ರೀತಿ, ಸೇರುವಾಗ ಒಂದು ಪ್ರಮಾಣ, ಧರಿಸಲು ಒಂದು ಪದಕ. ಉಳಿದ ಹೊತ್ತೆಲ್ಲ ಚರ್ಚೆ, ಪ್ರಬಂಧ ಮಂಡನೆ. ಪಾನಗೃಹದಲ್ಲಿ ಹುಟ್ಟಿದರೂ ಆ ಕೂಟಕ್ಕಿದ್ದ ಅಮಲು ವಿದ್ಯೆಯದು. ಮುಂದೆ ಅದು ಗುಟ್ಟನ್ನು ಕೈಬಿಟ್ಟು, ಪ್ರತಿಭಾವಂತ ವಿದ್ಯಾರ್ಥಿಗಳ ಗೌರವ ಸಂಸ್ಥೆಯಾಗಿ ಉಳಿಯಿತು. ಅದು ಬಿಟ್ಟ ಗುಟ್ಟನ್ನು ಬೇರೆಯವರು ಎತ್ತಿಕೊಂಡರು.

ಫ್ರಾಟರ್ನಿಟಿ ಎಂಬ ಅಮೆರಿಕದ ವಿದ್ಯಾರ್ಥಿ ಸೋದರಕೂಟಗಳ ಕಥೆ ಶುರುವಾಗುವುದು ಅಲ್ಲಿಂದ. ಹೊಸದಾಗಿ ಸೇರುವವನನ್ನು ಹಿಂಸಿಸಿ, ಅವಮಾನಿಸಿ, ಕುಡಿಸಿ ಒಳಗೆ ಬಿಟ್ಟುಕೊಳ್ಳುವ ಹೇಜಿಂಗ್ ಪದ್ಧತಿಯ ಕಥೆಯೂ ಅದರೊಳಗೇ ಸೇರಿದೆ. ಈ ಚರಿತ್ರೆಯಲ್ಲಿ ಮೊದಲು ಬಂದದ್ದು ಗುಟ್ಟು, ಆಮೇಲೆ ಬಂದದ್ದು ಸ್ವಂತ ಮನೆ, ಕಟ್ಟಕಡೆಗೆ ಬಂದದ್ದು ಬಾಟಲಿ. ಮೂರೂ ಒಂದೆಡೆ ಕೂಡಿದ ಮೇಲೆ ಸಾವು ತಪ್ಪದೆ ಬರತೊಡಗಿತು. ಹೇಜಿಂಗ್ ಸಾವುಗಳ ಪಟ್ಟಿಯನ್ನು ದಶಕಗಳ ಕಾಲ ಬರೆದಿಟ್ಟ ಪತ್ರಕರ್ತ ಹ್ಯಾಂಕ್ ನ್ಯೂವರ್ ಅವರ ಲೆಕ್ಕದಂತೆ, 1959ರಿಂದ 2021ರವರೆಗೆ ಅಮೆರಿಕದ ವಿದ್ಯಾಲಯಗಳಲ್ಲಿ ಇಂಥ ಸಾವಿಲ್ಲದ ವರ್ಷವೇ ಇಲ್ಲ.

ಗುಟ್ಟು

ಹತ್ತೊಂಬತ್ತನೆಯ ಶತಮಾನದ ಆರಂಭದ ಅಮೆರಿಕನ್ ಕಾಲೇಜು ಒಂದು ಬಗೆಯ ಮಠ. ಬೆಳಗಿನ ಪ್ರಾರ್ಥನೆ, ಲ್ಯಾಟಿನ್ ಗ್ರೀಕ್ ಬಾಯಿಪಾಠ, ಪಾದ್ರಿಗಳೇ ಮೇಷ್ಟ್ರು, ಸಣ್ಣ ತಪ್ಪಿಗೂ ದಂಡ. ಈ ಬಿಗಿಯಿಂದ ನುಣುಚಿಕೊಳ್ಳಲು ಹುಡುಗರಿಗೆ ತಮ್ಮದೇ ಜಾಗ ಬೇಕಿತ್ತು. ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿರುವ ಯೂನಿಯನ್ ಕಾಲೇಜಿನಲ್ಲಿ 1825ರಲ್ಲಿ ಕಪ್ಪಾ ಆಲ್ಫಾ ಹುಟ್ಟಿತು. ಎರಡು ವರ್ಷದೊಳಗೆ ಅದೇ ಕಾಲೇಜಿನಲ್ಲಿ ಸಿಗ್ಮಾ ಫೈ, ಡೆಲ್ಟಾ ಫೈ ಎದ್ದವು. ಒಹಾಯೊದ ಆಕ್ಸ್‌ಫರ್ಡ್ ಪಟ್ಟಣದ ಮಯಾಮಿ ವಿಶ್ವವಿದ್ಯಾಲಯದಲ್ಲಿ 1839ರಲ್ಲಿ ಬೀಟಾ ಥೀಟಾ ಪೈ, 1848ರಲ್ಲಿ ಫೈ ಡೆಲ್ಟಾ ಥೀಟಾ, 1855ರಲ್ಲಿ ಸಿಗ್ಮಾ ಕೈ ಹುಟ್ಟಿದವು. ಬೀಟಾ ಥೀಟಾ ಪೈ, ಫೈ ಡೆಲ್ಟಾ ಥೀಟಾ ಎಂಬ ಹೆಸರುಗಳನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಸುಮಾರು 170 ವರ್ಷಗಳ ಬಳಿಕ ಅವು ನ್ಯಾಯಾಲಯದ ಕಡತಗಳಲ್ಲಿ ಮತ್ತೆ ಕಾಣಿಸಿಕೊಳ್ಳುತ್ತವೆ.

ಈ ಕೂಟಗಳ ಆಚರಣೆಗಳಲ್ಲಿ ಫ್ರೀಮೇಸನ್ನರ ಛಾಯೆ ದಟ್ಟವಾಗಿತ್ತು: ಕಣ್ಣಿಗೆ ಬಟ್ಟೆ, ಮೋಂಬತ್ತಿ, ಪ್ರಮಾಣವಚನ, ಹೊರಗೆ ಬಾಯಿಬಿಟ್ಟರೆ ದ್ರೋಹ. ಅದೇ ಕಾಲದಲ್ಲಿ ಮೇಸನ್ನರ ಗುಟ್ಟುಗಳನ್ನು ಬಯಲು ಮಾಡಲು ಹೊರಟಿದ್ದ ವಿಲಿಯಂ ಮಾರ್ಗನ್ ಎಂಬಾತ 1826ರಲ್ಲಿ ಕಣ್ಮರೆಯಾಗಿ, ದೇಶವೆಲ್ಲ ಗುಪ್ತಸಂಘಗಳ ವಿರುದ್ಧ ತಿರುಗಿ ನಿಂತಿತ್ತು. ಹಾರ್ವರ್ಡ್‌ನ ಫೈ ಬೀಟಾ ಕಪ್ಪಾ 1831ರಲ್ಲಿ ಗುಟ್ಟಿಗೆ ವಿದಾಯ ಹೇಳಿದ್ದು ಈ ಗಾಳಿಯಲ್ಲೇ. ಪ್ರಿನ್ಸ್‌ಟನ್ 1855ರಲ್ಲಿ ಫ್ರಾಟರ್ನಿಟಿಗಳನ್ನೇ ನಿಷೇಧಿಸಿತು. ಆದರೆ ನಿಷೇಧಿಸಿದಷ್ಟೂ ಆ ಬಾಗಿಲ ಹಿಂದೆ ಏನಿದೆ ಎಂಬ ಹುಡುಗರ ಕುತೂಹಲ ಹೆಚ್ಚುತ್ತಲೇ ಹೋಯಿತು.

ಗುಟ್ಟಿಗೆ ತೆರಬೇಕಾದ ಬೆಲೆ ಎಂಥದೆಂಬುದು 1873ರ ಅಕ್ಟೋಬರ್‌ನಲ್ಲಿ ಗೊತ್ತಾಯಿತು. ಕಾರ್ನೆಲ್ ವಿಶ್ವವಿದ್ಯಾಲಯ ಆಗಿನ್ನೂ ಎಳೆಯದು. ಅಲ್ಲಿನ ಹೊಸ ವಿದ್ಯಾರ್ಥಿ ಮಾರ್ಟಿಮರ್ ಲೆಗೆಟ್ ಕಪ್ಪಾ ಆಲ್ಫಾ ಸೇರಲು ಒಪ್ಪಿದ್ದ. ಅಂತರ್ಯುದ್ಧದಲ್ಲಿ ಹೋರಾಡಿದ್ದ ಅವನ ತಂದೆ ಜನರಲ್ ಲೆಗೆಟ್ ಆಗ ಅಮೆರಿಕದ ಪೇಟೆಂಟ್ ಇಲಾಖೆಯ ಆಯುಕ್ತರು. ದೀಕ್ಷೆಯ ರಾತ್ರಿ ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಿ ಇಥಕಾ ಊರಿನ ಹೊರಗೆ ಕರೆದೊಯ್ದರು. ಆ ಊರಿನ ಸುತ್ತ ಆಳವಾದ ಕಮರಿಗಳು. ಕತ್ತಲಲ್ಲಿ ಅಂಚು ತಿಳಿಯದೆ ಹುಡುಗ ಕೆಳಗುರುಳಿ ಸತ್ತ. ಜೊತೆಗಿದ್ದವರೂ ಬಿದ್ದು ಗಾಯಗೊಂಡರು. ಸಾವು ಆಕಸ್ಮಿಕ ಎಂದು ತೀರ್ಮಾನವಾಯಿತು. ಅಲ್ಲಿ ಮದ್ಯದ ಮಾತೇ ಇರಲಿಲ್ಲ. ಇದ್ದದ್ದು ಕತ್ತಲು, ಗುಟ್ಟು, ಹಿರಿಯರು ಹೇಳಿದಂತೆ ಕೇಳಬೇಕೆಂಬ ವಿಧೇಯತೆ.

ಆ ಕಾಲಕ್ಕೆ ಹೇಜಿಂಗ್ ಫ್ರಾಟರ್ನಿಟಿಗಳ ಸ್ವತ್ತೂ ಆಗಿರಲಿಲ್ಲ. ಎರಡನೇ ವರ್ಷದವರು ಮೊದಲ ವರ್ಷದವರನ್ನು ಗೋಳು ಹೊಯ್ದುಕೊಳ್ಳುವುದು ಎಲ್ಲ ಕಡೆಯೂ ಇತ್ತು. ನೌಕಾ ಅಕಾಡೆಮಿಯಲ್ಲಿ ಅದು ಮಿತಿಮೀರಿದ್ದರಿಂದ ಅಮೆರಿಕದ ಸಂಸತ್ತು 1874ರಲ್ಲೇ ಅಲ್ಲಿಗಷ್ಟೇ ಸೀಮಿತವಾದ ಹೇಜಿಂಗ್ ನಿಷೇಧ ಕಾನೂನು ಮಾಡಿತು. 1894ರಲ್ಲಿ ಕಾರ್ನೆಲ್‌ನಲ್ಲಿ ಮೊದಲ ವರ್ಷದವರ ಔತಣಕೂಟ ಕೆಡಿಸಲೆಂದು ಯಾರೋ ಕ್ಲೋರಿನ್ ಅನಿಲ ಬಿಟ್ಟರು. ಅಡುಗೆಮನೆಯಲ್ಲಿ ದುಡಿಯುತ್ತಿದ್ದ ಕಪ್ಪು ಮಹಿಳೆಯೊಬ್ಬಳು ಅದಕ್ಕೆ ಬಲಿಯಾದಳು. ವಿದ್ಯಾರ್ಥಿಯಲ್ಲದ, ಆ ಆಟಕ್ಕೆ ಯಾವ ಸಂಬಂಧವೂ ಇಲ್ಲದ ಆಕೆಯ ಸಾವಿನ ವರ್ಷವೇ ನ್ಯೂಯಾರ್ಕ್ ರಾಜ್ಯ ಹೇಜಿಂಗ್ ವಿರುದ್ಧ ಕಾನೂನು ತಂದಿತು.

ಮನೆ

ಅಂತರ್ಯುದ್ಧ ಮುಗಿದ ಮೇಲೆ ಅಮೆರಿಕದ ವಿಶ್ವವಿದ್ಯಾಲಯಗಳು ದಿಢೀರನೆ ಬೆಳೆದವು. ವಿದ್ಯಾರ್ಥಿಗಳು ಹೆಚ್ಚಿದರು, ಹಾಸ್ಟೆಲುಗಳು ಸಾಲದಾದವು. ಆಗ ಫ್ರಾಟರ್ನಿಟಿಗಳು ಹಳೆಯ ವಿದ್ಯಾರ್ಥಿಗಳಿಂದ ಹಣ ಎತ್ತಿ ಸ್ವಂತ ಮನೆ ಕಟ್ಟತೊಡಗಿದವು. ಕಂಬ ಸಾಲಿನ ಜಗಲಿ, ಮಹಡಿಯಲ್ಲಿ ಕೋಣೆಗಳು, ಕೆಳಗೆ ದೊಡ್ಡ ಹಜಾರ, ಅದರಡಿ ನೆಲಮಾಳಿಗೆ. ವಿಶ್ವವಿದ್ಯಾಲಯಗಳಿಗೆ ಇದು ಅನುಕೂಲವೇ ಆಯಿತು. ಖರ್ಚಿಲ್ಲದೆ ನೂರಾರು ಹುಡುಗರಿಗೆ ವಸತಿ ಸಿಕ್ಕಿತು. ಆ ಮನೆಗಳಲ್ಲಿ ಬೆಳೆದವರು ಮುಂದೆ ದೊಡ್ಡ ಸ್ಥಾನಕ್ಕೇರಿ ಕಾಲೇಜಿಗೆ ದೇಣಿಗೆ ಕೊಟ್ಟರು. ದೇಣಿಗೆ ಪಡೆದ ಕಾಲೇಜು ಆ ಮನೆಗಳ ನೆಲಮಾಳಿಗೆಯಲ್ಲಿ ಏನು ನಡೆಯುತ್ತದೆಂದು ಕೇಳಲಿಲ್ಲ.

ಹೆಣ್ಣುಮಕ್ಕಳಿಗೆ ಈ ಮನೆಗಳಲ್ಲಿ ಪ್ರವೇಶವಿರಲಿಲ್ಲ. ಅವರು ಸೊರೊರಿಟಿ ಎಂಬ ತಮ್ಮವೇ ಸಂಘಗಳನ್ನು ಕಟ್ಟಿಕೊಂಡರು. ಇಲಿನಾಯ್ ರಾಜ್ಯದ ಮನ್‌ಮತ್ ಕಾಲೇಜಿನಲ್ಲಿ 1867ರಲ್ಲಿ ಪೈ ಬೀಟಾ ಫೈ, 1870ರಲ್ಲಿ ಇಂಡಿಯಾನಾದಲ್ಲಿ ಕಪ್ಪಾ ಆಲ್ಫಾ ಥೀಟಾ ಹುಟ್ಟಿದವು. ಸೊರೊರಿಟಿಗಳ ಒಕ್ಕೂಟ 1902ರಲ್ಲೇ ಬಂದರೆ, ಹುಡುಗರ ಒಕ್ಕೂಟ ಬಂದದ್ದು 1909ರಲ್ಲಿ. ಬಿಳಿಯರ ಸಂಘಗಳು ಬಾಗಿಲು ಮುಚ್ಚಿದ್ದರಿಂದ ಕಪ್ಪು ವಿದ್ಯಾರ್ಥಿಗಳು 1906ರಲ್ಲಿ ಕಾರ್ನೆಲ್‌ನಲ್ಲಿ ಆಲ್ಫಾ ಫೈ ಆಲ್ಫಾವನ್ನೂ, ವಿದ್ಯಾರ್ಥಿನಿಯರು 1908ರಲ್ಲಿ ಹೊವರ್ಡ್ ವಿಶ್ವವಿದ್ಯಾಲಯದಲ್ಲಿ ಆಲ್ಫಾ ಕಪ್ಪಾ ಆಲ್ಫಾವನ್ನೂ ಕಟ್ಟಿದರು. ಹುಡುಗಿಯರ ದೊಡ್ಡ ಸೊರೊರಿಟಿಗಳು ತಮ್ಮ ಮನೆಯೊಳಗೆ ಮದ್ಯಕ್ಕೆ ಆಸ್ಪದ ಕೊಡದ ನಿಯಮ ಪಾಲಿಸಿಕೊಂಡು ಬಂದಿವೆ. ಮೇಲ್ನೋಟಕ್ಕೆ ಒಳ್ಳೆಯ ನಿಯಮ. ಅದರ ಅಡ್ಡಪರಿಣಾಮವೆಂದರೆ ಪಾರ್ಟಿ ನಡೆಯುವ ಮನೆ ಯಾವಾಗಲೂ ಹುಡುಗರದೇ. ಬಾಗಿಲಲ್ಲಿ ನಿಲ್ಲುವವರು, ಲೋಟ ತುಂಬುವವರು, ಯಾರನ್ನು ಒಳಗೆ ಬಿಡಬೇಕೆಂದು ಹೇಳುವವರು ಕೂಡ ಹುಡುಗರೇ.

ಇಪ್ಪತ್ತನೆಯ ಶತಮಾನದ ಮಧ್ಯದ ಹೊತ್ತಿಗೆ ಪದ್ಧತಿಗೆ ಒಂದು ಸ್ಥಿರವಾದ ಕ್ರಮ ಬಂದಿತ್ತು. ಸೆಮಿಸ್ಟರ್ ಆರಂಭದಲ್ಲಿ 'ರಶ್', ಅಂದರೆ ಮನೆಯಿಂದ ಮನೆಗೆ ಹೋಗಿ ಪರಿಚಯ ಮಾಡಿಕೊಳ್ಳುವುದು. ಇಷ್ಟವಾದವರಿಗೆ ಆಹ್ವಾನ ಬರುತ್ತದೆ, ಅದು 'ಬಿಡ್'. ಒಪ್ಪಿದವನು 'ಪ್ಲೆಜ್' ಆಗುತ್ತಾನೆ. ವಾರಗಟ್ಟಲೆ ಹಿರಿಯರ ಬಟ್ಟೆ ಒಗೆದು, ಕಾರು ತೊಳೆದು, ಸಂಘದ ಚರಿತ್ರೆಯನ್ನು ಬಾಯಿಪಾಠ ಮಾಡುತ್ತಾನೆ. ಕೊನೆಗೆ 'ಹೆಲ್ ವೀಕ್', ಹೆಸರೇ ಹೇಳುವಂತೆ ನರಕದ ವಾರ. ಮರದ ಹಲಗೆಯ ಏಟುಗಳನ್ನೆಲ್ಲ ತಿಂದು ಮುಗಿಸಿದ ಮೇಲೆ ಅವನು 'ಬ್ರದರ್'. ಮುಂದಿನ ವರ್ಷ ಹಲಗೆ ಅವನ ಕೈಯಲ್ಲಿರುತ್ತದೆ.

1967ರ ನವೆಂಬರ್‌ನಲ್ಲಿ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆ ಅಲ್ಲಿನ ಡೆಲ್ಟಾ ಕಪ್ಪಾ ಎಪ್ಸಿಲಾನ್ ಫ್ರಾಟರ್ನಿಟಿಯಲ್ಲಿ ಪ್ಲೆಜ್‌ಗಳ ಮೈಗೆ ಕಾದ ತಂತಿಯಿಂದ ಬರೆ ಹಾಕುವುದನ್ನು ಬಯಲು ಮಾಡಿತು. ಸಂಘದ ಮಾಜಿ ಅಧ್ಯಕ್ಷನಾಗಿದ್ದ ವಿದ್ಯಾರ್ಥಿ ನ್ಯೂಯಾರ್ಕ್ ಟೈಮ್ಸ್‌ಗೆ ಪ್ರತಿಕ್ರಿಯಿಸುತ್ತ, ಅದು ಸಿಗರೇಟು ತಾಗಿದಷ್ಟೇ ಗಾಯ ಎಂದು ತಳ್ಳಿಹಾಕಿದ. ಆ ವಿದ್ಯಾರ್ಥಿಯ ಹೆಸರು ಜಾರ್ಜ್ ಡಬ್ಲ್ಯು. ಬುಷ್.

ಬಾಟಲಿ

ಏಟು ಮೈಮೇಲೆ ಗುರುತು ಬಿಡುತ್ತದೆ, ಬರೆಯೂ ಅಷ್ಟೆ. ಗುರುತು ಕಂಡರೆ ಕಾಲೇಜು ಕೇಳುತ್ತದೆ, ಪತ್ರಿಕೆ ಬರೆಯುತ್ತದೆ. ಮದ್ಯಕ್ಕೆ ಆ ತೊಂದರೆಯಿಲ್ಲ. ಅದನ್ನು ಹೊರಗಿನಿಂದ ನೋಡಿದವರಿಗೆ ಸಂಭ್ರಮವೆಂದೇ ತೋರುತ್ತದೆ. ಕೈಯಲ್ಲಿ ಲೋಟ ಹಿಡಿದವನೂ ಕುಡಿದವನೂ ಪ್ಲೆಜ್ ಹುಡುಗನೇ ಆದ್ದರಿಂದ, ತಪ್ಪು ಯಾರದೆಂದು ಕೇಳಿದರೆ ಅವನನ್ನೇ ತೋರಿಸಬಹುದು. 1960ರ ದಶಕದಲ್ಲಿ ವಿದ್ಯಾರ್ಥಿ ಚಳವಳಿಗಳ ಫಲವಾಗಿ ಕಾಲೇಜುಗಳು ತಂದೆತಾಯಿಯ ಸ್ಥಾನದಲ್ಲಿ ನಿಂತು ಕಾವಲು ಕಾಯುವ ಹಳೆಯ ಹೊಣೆಯನ್ನು ಕಳಚಿಕೊಂಡಿದ್ದವು. 1971ರಲ್ಲಿ ಮತದಾನದ ವಯಸ್ಸು 18ಕ್ಕಿಳಿದಾಗ ಹಲವು ರಾಜ್ಯಗಳು ಕುಡಿಯುವ ವಯಸ್ಸನ್ನೂ ಇಳಿಸಿದವು. ಬಿಯರ್ ತುಂಬಿದ ಕೆಗ್ಗುಗಳು ಕ್ಯಾಂಪಸ್ಸಿನ ದಿನನಿತ್ಯದ ದೃಶ್ಯವಾದವು.

1978ನೆಯ ಇಸವಿ ಈ ಚರಿತ್ರೆಯ ತಿರುವು. ಫೆಬ್ರವರಿ 24ರ ಚಳಿಯ ರಾತ್ರಿ, ನ್ಯೂಯಾರ್ಕ್ ರಾಜ್ಯದ ಪಶ್ಚಿಮದಲ್ಲಿರುವ ಆಲ್‌ಫ್ರೆಡ್ ವಿಶ್ವವಿದ್ಯಾಲಯ. ಕ್ಲಾನ್ ಆಲ್ಪೈನ್ ಎಂಬ ಸ್ಥಳೀಯ ಫ್ರಾಟರ್ನಿಟಿಯ ಹಿರಿಯರು ಮೂವರು ಪ್ಲೆಜ್‌ಗಳನ್ನು ಕಾರಿನ ಡಿಕ್ಕಿಯಲ್ಲಿ ತುಂಬಿ ಬೀಗ ಹಾಕಿದರು. ಒಬ್ಬೊಬ್ಬನ ಕೈಗೂ ಒಂದು ಪಿಂಟ್ ಬೂರ್ಬನ್ ವಿಸ್ಕಿ, ಒಂದು ಬಾಟಲಿ ವೈನ್, ಆರು ಬಿಯರ್. ಡಿಕ್ಕಿ ತೆರೆಯುವುದು ಎಲ್ಲವೂ ಖಾಲಿಯಾದ ಮೇಲೆಯೇ ಎಂಬುದು ಷರತ್ತು. ಮೂವರಲ್ಲಿ ಒಬ್ಬನಾದ 20 ವರ್ಷದ ಚಕ್ ಸ್ಟೆನ್ಜೆಲ್‌ನನ್ನು ಮನೆಗೆ ತಂದು, ಅಮಲು ಇಳಿಯಲೆಂದು ಹಾಸಿಗೆಯ ಮೇಲೆ ಮಲಗಿಸಿದರು. ಅವನು ಮತ್ತೆ ಏಳಲಿಲ್ಲ.

ಅದೇ ವರ್ಷ ಜುಲೈಯಲ್ಲಿ 'ಅನಿಮಲ್ ಹೌಸ್' ಸಿನಿಮಾ ಬಿಡುಗಡೆಯಾಯಿತು. ಡಾರ್ಟ್‌ಮತ್ ಕಾಲೇಜಿನ ಫ್ರಾಟರ್ನಿಟಿಯೊಂದರಲ್ಲಿ ಇದ್ದು ಬಂದಿದ್ದ ಕ್ರಿಸ್ ಮಿಲ್ಲರ್ ಅದರ ಕಥೆ ಬರೆದವರಲ್ಲೊಬ್ಬ, ಜಾನ್ ಲ್ಯಾಂಡಿಸ್ ನಿರ್ದೇಶಕ. ಕುಡಿದು ಕುಪ್ಪಳಿಸುವ ಪುಂಡರ ಫ್ರಾಟರ್ನಿಟಿಯೊಂದು ಕಾಲೇಜಿನ ಡೀನ್‌ನ ಮೂಗಿಗೆ ಸುಣ್ಣ ಬಳಿಯುವ ಕಥೆ. ಜನ ನಕ್ಕೂ ನಕ್ಕೂ ಸುಸ್ತಾದರು. ವಿಯೆಟ್ನಾಂ ಯುದ್ಧದ ವರ್ಷಗಳಲ್ಲಿ ಕಳೆಗುಂದಿದ್ದ ಫ್ರಾಟರ್ನಿಟಿಗಳಿಗೆ ಮತ್ತೆ ಹುಡುಗರು ಮುಗಿಬಿದ್ದರು, ಸಿನಿಮಾದಲ್ಲಿ ಕಂಡ ಟೋಗಾ ಪಾರ್ಟಿಗಳು ದೇಶದಾದ್ಯಂತ ನಡೆದವು.

ಸಿನಿಮಾ ತುಂಬಿದ ಚಿತ್ರಮಂದಿರಗಳಲ್ಲಿ ಓಡುತ್ತಿದ್ದ ಆಗಸ್ಟ್‌ನಲ್ಲೇ ಚಕ್‌ನ ತಾಯಿ ಐಲೀನ್ ಸ್ಟೀವನ್ಸ್ ಒಂದು ಸಂಘಟನೆ ಆರಂಭಿಸಿದರು. ಕಾಲೇಜುಗಳ ಅರ್ಥಹೀನ ಸಾವುಗಳನ್ನು ನಿಲ್ಲಿಸುವ ಸಮಿತಿ ಅದು. ಇಂಗ್ಲಿಷಿನಲ್ಲಿ ಅದರ ಮೊದಲಕ್ಷರಗಳನ್ನು ಕೂಡಿಸಿದರೆ ಮಗನ ಹೆಸರು ಬರುತ್ತದೆ. ಆಗ ಹೇಜಿಂಗ್ ಅಪರಾಧವೆಂದು ಹೇಳುವ ರಾಜ್ಯಗಳು ಕೆಲವೇ ಕೆಲವು. ಆಕೆ ಶಾಸನಸಭೆಗಳ ಮೆಟ್ಟಿಲು ಹತ್ತಿದರು, ಟಿ.ವಿ. ಕಾರ್ಯಕ್ರಮಗಳಲ್ಲಿ ಮಾತಾಡಿದರು, ಫ್ರಾಟರ್ನಿಟಿಗಳ ಸಮಾವೇಶಗಳಿಗೇ ಹೋಗಿ ಹುಡುಗರ ಎದುರು ನಿಂತರು. ಇಂದು 40ಕ್ಕೂ ಹೆಚ್ಚು ರಾಜ್ಯಗಳಲ್ಲಿ ಹೇಜಿಂಗ್ ವಿರುದ್ಧ ಕಾನೂನಿದೆ. ಅದರಲ್ಲಿ ದೊಡ್ಡ ಪಾಲು ಈ ಒಬ್ಬ ತಾಯಿಯ ಓಡಾಟದ್ದು. ಹ್ಯಾಂಕ್ ನ್ಯೂವರ್ 1990ರಲ್ಲಿ ಪ್ರಕಟಿಸಿದ 'ಬ್ರೋಕನ್ ಪ್ಲೆಜಸ್' ಪುಸ್ತಕ ಆಕೆಯ ಕಥೆಯನ್ನೇ ಬೆನ್ನೆಲುಬಾಗಿಟ್ಟುಕೊಂಡಿದೆ. ಆಲ್‌ಫ್ರೆಡ್ ವಿಶ್ವವಿದ್ಯಾಲಯ ಫ್ರಾಟರ್ನಿಟಿ, ಸೊರೊರಿಟಿಗಳನ್ನು ಪೂರ್ತಿ ಮುಚ್ಚಿದ್ದು 2002ರಲ್ಲಿ, ಇನ್ನೊಬ್ಬ ವಿದ್ಯಾರ್ಥಿ ಸತ್ತ ಮೇಲೆ.

ಹೊಣೆ ಯಾರದು?

ಕಾನೂನುಗಳು ಹೆಚ್ಚಿದವು, ಸಾವುಗಳು ನಿಲ್ಲಲಿಲ್ಲ. ಏಕೆಂಬುದು ಅರ್ಥವಾಗಬೇಕಾದರೆ 1980ರ ದಶಕದಲ್ಲಿ ನಡೆದ ಎರಡು ಬದಲಾವಣೆಗಳನ್ನು ನೋಡಬೇಕು.

ಮೊದಲನೆಯದು ವಯಸ್ಸಿನ ಕಾನೂನು. ಕುಡಿದು ಕಾರು ಓಡಿಸುವ ಹದಿಹರೆಯದವರಿಂದ ರಸ್ತೆಗಳಲ್ಲಿ ಆಗುತ್ತಿದ್ದ ಸಾವುಗಳ ವಿರುದ್ಧ ತಾಯಂದಿರ ಚಳವಳಿ ಎದ್ದಿತ್ತು. ಅಧ್ಯಕ್ಷ ರೇಗನ್ 1984ರ ಜುಲೈ 17ರಂದು ಹೊಸ ಕಾಯ್ದೆಗೆ ಸಹಿ ಹಾಕಿದರು. ಕುಡಿಯುವ ವಯಸ್ಸನ್ನು 21ಕ್ಕೇರಿಸದ ರಾಜ್ಯಕ್ಕೆ ಹೆದ್ದಾರಿ ಅನುದಾನದಲ್ಲಿ ಶೇ 10 ಕಡಿತ. 1988ರ ಹೊತ್ತಿಗೆ ಎಲ್ಲ ರಾಜ್ಯಗಳೂ ಮಣಿದವು. ರಸ್ತೆಯಲ್ಲಿ ಜೀವಗಳು ಉಳಿದವು ನಿಜ. ಕ್ಯಾಂಪಸ್ಸಿನಲ್ಲಿ ಮಾತ್ರ, ಬೆಳಕಿನಲ್ಲಿ ಮೇಷ್ಟ್ರುಗಳ ಕಣ್ಣೆದುರು ನಡೆಯುತ್ತಿದ್ದ ಕುಡಿತ ಖಾಸಗಿ ಮನೆಯ ನೆಲಮಾಳಿಗೆಗೆ ಇಳಿಯಿತು. ಕಾಲೇಜು ಸೇರುವವರಲ್ಲಿ ಬಹುತೇಕರು 18-19ರವರು. ಅವರಿಗೆ ಕಾನೂನಿನ ಕಣ್ಣು ತಪ್ಪಿಸಿ ಮದ್ಯ ಸಿಗುವ ಜಾಗವೆಂದರೆ ಫ್ರಾಟರ್ನಿಟಿ ಮನೆ. ನಿಷೇಧ ಆ ಮನೆಗಳ ಅಧಿಕಾರವನ್ನು ಇನ್ನಷ್ಟು ಹೆಚ್ಚಿಸಿತು.

ಎರಡನೆಯದು ವಿಮೆ. 1986ರಲ್ಲಿ ಅಮೆರಿಕದ ವಿಮಾ ಆಯುಕ್ತರ ಸಂಘ ಫ್ರಾಟರ್ನಿಟಿಗಳನ್ನು ದೇಶದ ಆರನೇ ಅತಿ ಅಪಾಯಕಾರಿ ಗಿರಾಕಿ ಎಂದು ಗುರುತಿಸಿತು. ಪಟ್ಟಿಯಲ್ಲಿ ಅವು ವಿಷಕಾರಿ ತ್ಯಾಜ್ಯ ಸಾಗಿಸುವ ಕಂಪನಿಗಳ ಸಾಲಿಗೇ ಸೇರಿದವು. ವಿಮೆಯಿಲ್ಲದೆ ಮನೆ ನಡೆಸುವಂತಿಲ್ಲ. ರಾಷ್ಟ್ರೀಯ ಫ್ರಾಟರ್ನಿಟಿಗಳು ಒಟ್ಟುಗೂಡಿ ಸಾಮೂಹಿಕ ವಿಮೆ ಕೊಂಡವು, ಜೊತೆಗೆ ಒಂದು ನಿಯಮಾವಳಿ ಬರೆದವು: ಕೆಗ್ ತರಕೂಡದು, ಅತಿಥಿಗಳ ಪಟ್ಟಿ ಇರಬೇಕು, 21 ತುಂಬದವರಿಗೆ ಕೊಡಕೂಡದು, ಹೇಜಿಂಗ್ ಕೂಡದೇ ಕೂಡದು. ಓದಲು ಚೆನ್ನಾಗಿದೆ. ಆದರೆ ನಿಯಮ ಮುರಿದಾಗ ಅನಾಹುತವಾದರೆ ವಿಮೆಯ ರಕ್ಷಣೆ ಸಿಗುವುದಿಲ್ಲ. ಅನಾಹುತವಾಗುವುದೇ ನಿಯಮ ಮುರಿದಾಗ. ಆ ಘಳಿಗೆಯಲ್ಲಿ ರಾಷ್ಟ್ರೀಯ ಕಚೇರಿ ನಿಯಮಪುಸ್ತಕವನ್ನು ತೋರಿಸಿ ಹಿಂದೆ ಸರಿಯುತ್ತದೆ. ಎದುರಿಗೆ ಉಳಿಯುವವರು ಹತ್ತೊಂಬತ್ತು ಇಪ್ಪತ್ತರ ಹುಡುಗರು ಮತ್ತು ಅವರ ತಂದೆತಾಯಿಯರ ಮನೆಯ ವಿಮೆ.

ಕಾಲೇಜುಗಳ ದಾರಿಯೂ ಅದೇ. ಪೆನ್ಸಿಲ್ವೇನಿಯಾದ ಕಾಲೇಜೊಂದರ ಪಿಕ್ನಿಕ್‌ನಲ್ಲಿ ಬಿಯರ್ ಕುಡಿದವನ ಕಾರಿನಲ್ಲಿ ಬರುತ್ತಿದ್ದ ವಿದ್ಯಾರ್ಥಿ ಅಪಘಾತಕ್ಕೀಡಾಗಿ ಹೂಡಿದ ಮೊಕದ್ದಮೆಯಲ್ಲಿ, ವಯಸ್ಕ ವಿದ್ಯಾರ್ಥಿಗಳ ಕುಡಿತಕ್ಕೆ ಕಾಲೇಜು ಹೊಣೆಯಲ್ಲ ಎಂದು ಫೆಡರಲ್ ಮೇಲ್ಮನವಿ ನ್ಯಾಯಾಲಯ 1979ರಲ್ಲಿ ತೀರ್ಪಿತ್ತಿತ್ತು. ಆ ಗೋಡೆಯಲ್ಲಿ ಬಿರುಕು ಬಿಟ್ಟದ್ದು 1991ರಲ್ಲಿ. ಹೇಜಿಂಗ್ ವೇಳೆ ಮೈಮೇಲೆ ಓವನ್ ತೊಳೆಯುವ ಕ್ಷಾರ ಸುರಿದು ವಿದ್ಯಾರ್ಥಿಯೊಬ್ಬ ಸುಟ್ಟುಹೋದ ಪ್ರಕರಣದಲ್ಲಿ ಡೆಲವೇರ್‌ನ ಸುಪ್ರೀಂ ಕೋರ್ಟ್, ಹೇಜಿಂಗ್ ನಡೆಯುತ್ತಿದೆ ಎಂದು ಗೊತ್ತಿದ್ದ ವಿಶ್ವವಿದ್ಯಾಲಯ ಕಣ್ಮುಚ್ಚಿ ಕೂರುವಂತಿಲ್ಲ ಎಂದಿತು.

ಸಮಸ್ಯೆಯ ಅಳತೆಯೂ ಅದೇ ದಶಕದಲ್ಲಿ ಸಿಕ್ಕಿತು. ಹಾರ್ವರ್ಡ್‌ನ ಹೆನ್ರಿ ವೆಕ್ಸ್‌ಲರ್ ತಂಡ 1993ರಲ್ಲಿ 140 ಕಾಲೇಜುಗಳಲ್ಲಿ ಸಮೀಕ್ಷೆ ನಡೆಸಿ, ಶೇ 44 ವಿದ್ಯಾರ್ಥಿಗಳು ಒಂದೇ ಬೈಠಕ್ಕಿಗೆ ಮಿತಿಮೀರಿ ಕುಡಿಯುವವರೆಂದು ಕಂಡಿತು. ಫ್ರಾಟರ್ನಿಟಿ ಮನೆಗಳಲ್ಲಿ ವಾಸಿಸುವವರಲ್ಲಿ ಈ ಪ್ರಮಾಣ ಶೇ 86, ಸೊರೊರಿಟಿ ಮನೆಗಳಲ್ಲಿ ಶೇ 80. ಮನೆಯೊಳಗೆ ಮದ್ಯವಿಲ್ಲದಿದ್ದರೂ ಅಲ್ಲಿನ ಹುಡುಗಿಯರ ಕುಡಿತ ಕಡಿಮೆಯೇನೂ ಇರಲಿಲ್ಲ.

1997ರ ಸೆಪ್ಟೆಂಬರ್‌ನಲ್ಲಿ ಬಾಸ್ಟನ್ನಿನಲ್ಲಿ ನಡೆದ ಸಾವು ದೇಶದ ಗಮನ ಸೆಳೆಯಲು ಕಾರಣ ಎಂಐಟಿಯ ಹೆಸರು. ಕಾಲೇಜು ಸೇರಿ ಸುಮಾರು ಐದು ವಾರವಾಗಿದ್ದ 18ರ ಹುಡುಗ ಫೈ ಗಾಮಾ ಡೆಲ್ಟಾ ಮನೆಯಲ್ಲಿ ಪ್ಲೆಜ್ ಆಗಿದ್ದ. ಆ ರಾತ್ರಿಯ ಕಾರ್ಯಕ್ರಮ 'ಅನಿಮಲ್ ಹೌಸ್' ನೋಡುತ್ತ, ಪ್ಲೆಜ್‌ಗಳೆಲ್ಲ ಸೇರಿ ಗೊತ್ತುಮಾಡಿದಷ್ಟು ಮದ್ಯ ಮುಗಿಸುವುದು. ಹುಡುಗನ ರಕ್ತದಲ್ಲಿ ಮದ್ಯದ ಪ್ರಮಾಣ 0.41ಕ್ಕೆ ಮುಟ್ಟಿತ್ತು, ಅಲ್ಲಿ ವಾಹನ ಚಾಲಕರಿಗೆ ಇಂದಿನ ಮಿತಿ 0.08. ಮರುವರ್ಷ ಗ್ರ್ಯಾಂಡ್ ಜ್ಯೂರಿ ವ್ಯಕ್ತಿಗಳ ಬದಲು ಫ್ರಾಟರ್ನಿಟಿಯ ಆ ಶಾಖೆಯ ಮೇಲೆಯೇ ನರಹತ್ಯೆಯ ಆರೋಪ ಹೊರಿಸಿತು. ಅಷ್ಟರಲ್ಲಿ ಶಾಖೆ ವಿಸರ್ಜನೆಯಾಗಿತ್ತು. ಕಟಕಟೆಯಲ್ಲಿ ನಿಲ್ಲಲು ಯಾರೂ ಇರಲಿಲ್ಲ. ಎಂಐಟಿ 2000ದಲ್ಲಿ ಕುಟುಂಬಕ್ಕೆ ವಿದ್ಯಾರ್ಥಿವೇತನ ನಿಧಿಯೂ ಸೇರಿ 60 ಲಕ್ಷ ಡಾಲರ್ ಕೊಟ್ಟಿತು. ಮೊದಲ ವರ್ಷದವರೆಲ್ಲ ಕ್ಯಾಂಪಸ್ ಹಾಸ್ಟೆಲಿನಲ್ಲೇ ಇರಬೇಕೆಂಬ ನಿಯಮವನ್ನು 2002ರಿಂದ ಜಾರಿಗೆ ತಂದಿತು.

ಫೈ ಡೆಲ್ಟಾ ಥೀಟಾ ಎಚ್ಚೆತ್ತುಕೊಂಡಂತೆ ಕಂಡಿತು. 2000ದ ಜುಲೈಯಿಂದ ತನ್ನ ಎಲ್ಲ ಮನೆಗಳೂ ಮದ್ಯಮುಕ್ತವೆಂದು ಸಾರಿತು. ಇತರರಿಗೆ ಮೇಲ್ಪಂಕ್ತಿ ಎಂಬ ಹೊಗಳಿಕೆಯೂ ಬಂತು.

2017

ಮದ್ಯಮುಕ್ತ ಮನೆ ಎಂದರೇನೆಂಬುದನ್ನು 2017 ತೋರಿಸಿಕೊಟ್ಟಿತು. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಬೀಟಾ ಥೀಟಾ ಪೈ ಮನೆಯಲ್ಲಿ ಮದ್ಯ ನಿಷಿದ್ಧ. ಕಣ್ಗಾವಲು ಕ್ಯಾಮೆರಾಗಳೂ ಇದ್ದವು. ಫೆಬ್ರವರಿ 2ರ ರಾತ್ರಿ ಅಲ್ಲಿ 'ಬಿಡ್' ಸ್ವೀಕಾರದ ಸಮಾರಂಭ. ಹೊಸಬರು ಒಂದು ಸಾಲಿನಲ್ಲಿ ಸಾಗುತ್ತ, ನಿಲ್ದಾಣದಿಂದ ನಿಲ್ದಾಣಕ್ಕೆ ವೋಡ್ಕಾ, ಬಿಯರ್, ವೈನ್ ಕುಡಿಯಬೇಕು. 19 ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿ ಟಿಮೊಥಿ ಪಿಯಾಜಾಗೆ 82 ನಿಮಿಷಗಳಲ್ಲಿ 18 ಪೇಯ ಕೊಟ್ಟಿದ್ದನ್ನು ಕ್ಯಾಮೆರಾ ದಾಖಲಿಸಿತ್ತು. ರಾತ್ರಿ ಹನ್ನೊಂದರ ಸುಮಾರಿಗೆ ಅವನು ನೆಲಮಾಳಿಗೆಯ ಮೆಟ್ಟಿಲಿನಿಂದ ಉರುಳಿದ. ಎತ್ತಿ ತಂದು ಸೋಫಾದ ಮೇಲೆ ಮಲಗಿಸಿದರು. ಮುಖದ ಮೇಲೆ ದ್ರವ ಸುರಿದರು, ಕೆನ್ನೆಗೆ ಹೊಡೆದರು. ಅಂಗಾತ ಹೊರಳಿ ವಾಂತಿಯಲ್ಲಿ ಉಸಿರುಕಟ್ಟದಿರಲೆಂದು ಪುಸ್ತಕ ತುಂಬಿದ ಚೀಲವನ್ನು ಬೆನ್ನಿಗೆ ಕಟ್ಟಿದರು. ಆಸ್ಪತ್ರೆಗೆ ಕರೆದೊಯ್ಯೋಣ ಎಂದ ಒಬ್ಬನನ್ನು ಗೋಡೆಗೆ ತಳ್ಳಿ ಸುಮ್ಮನಾಗಿಸಿದರು. ಆಂಬುಲೆನ್ಸ್‌ಗೆ ಕರೆ ಹೋದದ್ದು ಮರುದಿನ ಬೆಳಗ್ಗೆ 10.48ಕ್ಕೆ, ಬಿದ್ದು ಸುಮಾರು 12 ಗಂಟೆಗಳ ಬಳಿಕ. ತಲೆಬುರುಡೆ ಒಡೆದಿತ್ತು, ಗುಲ್ಮ ಹರಿದು ಹೊಟ್ಟೆಯಲ್ಲಿ ರಕ್ತ ತುಂಬಿತ್ತು. ಫೆಬ್ರವರಿ 4ರಂದು ಅವನು ತೀರಿಕೊಂಡ.

ಬೆನ್ನಿಗೆ ಕಟ್ಟಿದ ಆ ಚೀಲವೇ ಇಡೀ ಚರಿತ್ರೆಯ ಸಾರ. ಅಪಾಯವಿದೆ ಎಂದು ಅವರಿಗೆ ಗೊತ್ತಿತ್ತು. ಗೊತ್ತಿಲ್ಲದವರು ಚೀಲ ಕಟ್ಟುವುದಿಲ್ಲ. ಆದರೆ ಕರೆ ಮಾಡಿದರೆ ಮನೆ ಮುಚ್ಚುತ್ತದೆ, ಹೆಸರು ಹೊರಬೀಳುತ್ತದೆ, ಪೊಲೀಸರು ಬರುತ್ತಾರೆ ಎಂಬುದು ಅದಕ್ಕಿಂತ ಚೆನ್ನಾಗಿ ಗೊತ್ತಿತ್ತು. ಮದ್ಯದ ವಿಷ ಏರುವ ರೀತಿಯೂ ಇಲ್ಲಿ ಮುಖ್ಯ. ದೇಹ ಗಂಟೆಗೆ ಸುಮಾರು ಒಂದು ಪೇಯದಷ್ಟನ್ನು ಮಾತ್ರ ಕರಗಿಸಬಲ್ಲದು. ಗಬಗಬನೆ ಕುಡಿದವನು ಪ್ರಜ್ಞೆ ತಪ್ಪಿದ ಮೇಲೂ ಹೊಟ್ಟೆಯಲ್ಲಿ ಉಳಿದ ಮದ್ಯ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಕೆಮ್ಮುವ, ಓಕರಿಸುವ ಪ್ರತಿಕ್ರಿಯೆ ಸತ್ತುಹೋಗುತ್ತದೆ, ಉಸಿರಾಟ ನಿಧಾನವಾಗುತ್ತ ನಿಲ್ಲುತ್ತದೆ. 'ಮಲಗಿದರೆ ಇಳಿಯುತ್ತದೆ' ಎಂಬ ನಂಬಿಕೆ 1978ರಲ್ಲಿ ಕೊಂದಂತೆ 2017ರಲ್ಲೂ ಕೊಂದಿತು.

ಏಳು ತಿಂಗಳ ಬಳಿಕ, ಸೆಪ್ಟೆಂಬರ್ 14ರಂದು, ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ 18ರ ಮ್ಯಾಕ್ಸ್ ಗ್ರೂವರ್ ಸತ್ತ. ಆ ರಾತ್ರಿಯ ಆಟಕ್ಕೆ ಹಿರಿಯರು ಇಟ್ಟ ಹೆಸರು 'ಬೈಬಲ್ ಪಾಠ'. ಸಂಘದ ಚರಿತ್ರೆ, ಗ್ರೀಕ್ ಅಕ್ಷರಮಾಲೆ ಕುರಿತ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟವನು ಶೇ 95 ಆಲ್ಕೋಹಾಲಿನ ಮದ್ಯವನ್ನು ಬಾಟಲಿಯಿಂದಲೇ ಗುಟುಕರಿಸಬೇಕು. ಅವನ ರಕ್ತದಲ್ಲಿ ಸಿಕ್ಕ ಪ್ರಮಾಣ 0.495. ಅದು ಫೈ ಡೆಲ್ಟಾ ಥೀಟಾದ ಮನೆ, ಹದಿನೇಳು ವರ್ಷ ಮೊದಲೇ ಮದ್ಯಮುಕ್ತವೆಂದು ಸಾರಿಕೊಂಡ ಅದೇ ಸಂಘ. ನವೆಂಬರ್‌ನಲ್ಲಿ ಫ್ಲಾರಿಡಾ ಸ್ಟೇಟ್ ಮತ್ತು ಟೆಕ್ಸಸ್ ಸ್ಟೇಟ್ ವಿಶ್ವವಿದ್ಯಾಲಯಗಳಲ್ಲಿ ಇನ್ನಿಬ್ಬರು ಪ್ಲೆಜ್‌ಗಳು ಸತ್ತರು. ಒಂದೇ ವರ್ಷದಲ್ಲಿ ನಾಲ್ವರು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಮಾತಿನಂತೆ ಕಾನೂನುಗಳು ಸತ್ತವರ ಹೆಸರಿನಲ್ಲಿ ಬಂದವು. ಲೂಯಿಸಿಯಾನಾ 2018ರ ಮೇ ತಿಂಗಳಲ್ಲಿ ಮ್ಯಾಕ್ಸ್ ಗ್ರೂವರ್ ಕಾಯ್ದೆಯನ್ನೂ, ಪೆನ್ಸಿಲ್ವೇನಿಯಾ ಅದೇ ವರ್ಷ ಅಕ್ಟೋಬರ್‌ನಲ್ಲಿ ಪಿಯಾಜಾ ಹೆಸರಿನ ಕಾಯ್ದೆಯನ್ನೂ ತಂದು, ಸಾವಿಗೆ ಕಾರಣವಾಗುವ ಹೇಜಿಂಗನ್ನು ಗಂಭೀರ ಅಪರಾಧವಾಗಿಸಿದವು. ಫ್ಲಾರಿಡಾದಲ್ಲಿ ಸತ್ತ ಹುಡುಗನ ಹೆಸರಿನ 2019ರ ಆಂಡ್ರೂ ಕಾಯ್ದೆ ಇನ್ನೊಂದು ಹೆಜ್ಜೆ ಮುಂದಿಟ್ಟು, ಮೊದಲು ನೆರವಿಗೆ ಕರೆ ಮಾಡಿದವನಿಗೆ ಶಿಕ್ಷೆಯಿಂದ ರಕ್ಷಣೆ ಕೊಟ್ಟಿತು. ಫ್ರಾಟರ್ನಿಟಿಗಳ ಒಕ್ಕೂಟ ಶೇ 15ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವ ಮದ್ಯವನ್ನು 2019ರ ಸೆಪ್ಟೆಂಬರ್‌ನಿಂದ ಮನೆಗಳಲ್ಲಿ ನಿಷೇಧಿಸಿತು. ಆದರೂ 2021ರ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ವರ್ಜೀನಿಯಾ ಮತ್ತು ಒಹಾಯೊದಲ್ಲಿ ಇಬ್ಬರು ಹುಡುಗರು, ಹೊಸಬನಿಗೆ ಅಣ್ಣನಾಗುವ ಹಿರಿಯನನ್ನು ತೋರಿಸುವ 'ಬಿಗ್ ಬ್ರದರ್' ರಾತ್ರಿಗಳಲ್ಲಿ ಕುಡಿದು ಸತ್ತರು. ಒಹಾಯೊದ ಹುಡುಗನಿಗೆ ಅಣ್ಣನಾಗುವವನ ಕಡೆಯಿಂದ ಬಂದ ಉಡುಗೊರೆ ಒಂದು ಪೂರ್ತಿ ಬಾಟಲಿ ಬೂರ್ಬನ್. ಪಿಯಾಜಾ ಪ್ರಕರಣದಲ್ಲಿ ಆ ಮನೆಯ ಇಬ್ಬರು ಮುಖಂಡರಿಗೆ ಜೈಲು ಶಿಕ್ಷೆಯಾದದ್ದು 2024ರಲ್ಲಿ. ಶಿಕ್ಷೆ ಎರಡರಿಂದ ನಾಲ್ಕು ತಿಂಗಳು.

ರಾಷ್ಟ್ರಮಟ್ಟದ ಕಾನೂನು ಬಂದದ್ದು 2024ರ ಡಿಸೆಂಬರ್‌ನಲ್ಲಿ, ಅಧ್ಯಕ್ಷ ಬೈಡನ್ ಸಹಿಯೊಂದಿಗೆ. ಈ ಸ್ಟಾಪ್ ಕ್ಯಾಂಪಸ್ ಹೇಜಿಂಗ್ ಕಾಯ್ದೆ ಯಾರನ್ನೂ ಜೈಲಿಗೆ ಹಾಕುವುದಿಲ್ಲ. ಪ್ರತಿ ಕಾಲೇಜೂ ಹೇಜಿಂಗ್ ಪ್ರಕರಣಗಳ ಲೆಕ್ಕ ಇಡಬೇಕು, ತಪ್ಪಿತಸ್ಥವೆಂದು ತೀರ್ಮಾನವಾದ ಸಂಘಗಳ ಹೆಸರನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು ಎನ್ನುತ್ತದೆ, ಅಷ್ಟೆ. ಆದರೂ ಹಿಂದಿನವುಗಳಿಗಿಂತ ಇದು ಗುರಿಗೆ ಹತ್ತಿರ, ಏಕೆಂದರೆ ಇದು ಕೈ ಹಾಕಿರುವುದು ಬಾಟಲಿಗಲ್ಲ, ಗುಟ್ಟಿಗೆ. ಮೇನ್ ವಿಶ್ವವಿದ್ಯಾಲಯದ ಎಲಿಜಬೆತ್ ಅಲನ್ ಮತ್ತು ಮೇರಿ ಮ್ಯಾಡನ್ 2008ರಲ್ಲಿ 53 ವಿದ್ಯಾಲಯಗಳ 11 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಕೇಳಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೇಜಿಂಗ್ ಎಂದು ತಾವೇ ಗುರುತಿಸಿದವರಲ್ಲಿ ಶೇ 95 ಮಂದಿ ಕಾಲೇಜಿಗೆ ದೂರು ಕೊಟ್ಟಿರಲಿಲ್ಲ. ಹೇಜಿಂಗ್‌ಗೆ ಒಳಗಾದ ಹತ್ತರಲ್ಲಿ ಒಂಬತ್ತು ಮಂದಿ ಅದನ್ನು ಹೇಜಿಂಗ್ ಎಂದು ಭಾವಿಸಿಯೇ ಇರಲಿಲ್ಲ.

ನಮ್ಮ ಮನೆಯ ಮಾತು

ಕನ್ನಡ ಓದುಗರಿಗೆ ಇದನ್ನು ಓದುವಾಗ ರ‍್ಯಾಗಿಂಗ್ ನೆನಪಾಗುವುದು ಸಹಜ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯೇ ರ‍್ಯಾಗಿಂಗ್ ಏನೆಂದು ಹೇಳಿ ಅದನ್ನು ನಿಷೇಧಿಸಿದೆ. 2009ರ ಯುಜಿಸಿ ನಿಯಮಗಳು ಬಂದ ಮೇಲೆ ಕಾಲೇಜು ಸೇರುವ ವಿದ್ಯಾರ್ಥಿಯೂ ಪೋಷಕರೂ ಮುಚ್ಚಳಿಕೆ ಬರೆದುಕೊಡುತ್ತಾರೆ. ಆದರೆ ಎರಡಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ರ‍್ಯಾಗಿಂಗ್ ಬೇಡವೆಂದರೂ ಮೈಮೇಲೆ ಬೀಳುತ್ತದೆ. ಹೇಜಿಂಗ್‌ಗೆ ಹುಡುಗ ತಾನೇ ಬಾಗಿಲು ತಟ್ಟಿ ಹೋಗುತ್ತಾನೆ, ಸೇರಿಸಿಕೊಳ್ಳಿ ಎಂದು ಕೇಳಿಕೊಂಡು. ಹಿಂಸೆಯನ್ನು ಅವನು ಪ್ರವೇಶ ಶುಲ್ಕವೆಂದು ತಿಳಿಯುತ್ತಾನೆ. 'ಅವನೇ ಒಪ್ಪಿದ್ದ' ಎಂಬ ವಾದ ಅಮೆರಿಕದ ನ್ಯಾಯಾಲಯಗಳಲ್ಲಿ ಇಷ್ಟು ಕಾಲ ಬಾಳಿದ್ದು ಇದರಿಂದಲೇ. ಈಗ ಫ್ಲಾರಿಡಾದಂಥ ಹಲವು ರಾಜ್ಯಗಳ ಕಾನೂನು ಆ ಒಪ್ಪಿಗೆಗೆ ಬೆಲೆಯಿಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ.

ನ್ಯೂಜೆರ್ಸಿ, ಟೆಕ್ಸಸ್, ಕ್ಯಾಲಿಫೋರ್ನಿಯಾಗಳಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳು ಇಂದು ಇದೇ ಕ್ಯಾಂಪಸ್ಸುಗಳಲ್ಲಿದ್ದಾರೆ. 1990ರ ದಶಕದಿಂದ ದಕ್ಷಿಣ ಏಷ್ಯಾ ಮೂಲದವರದೇ ಫ್ರಾಟರ್ನಿಟಿ, ಸೊರೊರಿಟಿಗಳೂ ಹುಟ್ಟಿಕೊಂಡಿವೆ. ಆಸ್ಟಿನ್ನಿನಲ್ಲಿ 1998ರಲ್ಲಿ ಆರಂಭವಾದ ಡೆಲ್ಟಾ ಎಪ್ಸಿಲಾನ್ ಸೈ ಅವುಗಳಲ್ಲೊಂದು. ಪರದೇಶದಲ್ಲಿ ಬೆಳೆಯುವ ಹುಡುಗನಿಗೆ ನಾಲ್ಕು ಜನರ ನಂಟು ಬೇಕೆನಿಸುವುದು ತಪ್ಪಲ್ಲ. ಈ ಸಂಘಗಳಲ್ಲಿ ಸಿಗುವ ಸ್ನೇಹ, ಸೇವಾಕಾರ್ಯ, ಮುಂದೆ ಕೆಲಸ ಹುಡುಕುವಾಗ ದೊರೆಯುವ ಆಸರೆ ಎಲ್ಲವೂ ನಿಜವೇ. ಆ ನಂಟಿಗೆ ಬಾಟಲಿ ಖಾಲಿ ಮಾಡುವ ಪರೀಕ್ಷೆ ಬೇಕಿಲ್ಲ ಎಂಬುದೂ ಅಷ್ಟೇ ನಿಜ.

ಇನ್ನೂರೈವತ್ತು ವರ್ಷಗಳಲ್ಲಿ ಕಾಲೇಜು, ವಿಮಾ ಕಂಪನಿ, ರಾಷ್ಟ್ರೀಯ ಕಚೇರಿ ಎಲ್ಲವೂ ಹೊಣೆಯನ್ನು ಒಂದೊಂದು ಮೆಟ್ಟಿಲು ಕೆಳಗಿಳಿಸುತ್ತ ಬಂದು, ಕೊನೆಗೆ ಅದನ್ನು ನಡುರಾತ್ರಿಯಲ್ಲಿ ಫೋನ್ ಹಿಡಿದು ಗಾಬರಿಯಾಗಿ ನಿಂತ ಹತ್ತೊಂಬತ್ತರ ಹುಡುಗನ ಕೈಗೆ ಕೊಟ್ಟಿವೆ. ಆ ಹುಡುಗ ಅಥವಾ ಹುಡುಗಿ ನಿಮ್ಮ ಮನೆಯವರಾಗಿರಬಹುದು. ಕಾಲೇಜಿಗೆ ಬಿಟ್ಟುಬರುವ ಮುನ್ನ ಅಂಕ, ಶುಲ್ಕ, ಕೋಣೆಯ ಮಾತಿನ ಜೊತೆಗೆ ಇದನ್ನೂ ಹೇಳಿಬಿಡಿ: ಕುಡಿದು ಪ್ರಜ್ಞೆ ತಪ್ಪಿದವನನ್ನು ಮಲಗಲು ಬಿಡಬೇಡ, ಯಾರು ಏನೇ ಹೇಳಲಿ, ಆ ಕ್ಷಣವೇ 911ಕ್ಕೆ ಕರೆ ಮಾಡು, ಆಂಬುಲೆನ್ಸ್ ಬರುವವರೆಗೆ ಅವನ ಪಕ್ಕದಿಂದ ಏಳಬೇಡ.